ತೂಬು ತೆರೆದ ಕೊಳಕ್ಕೆ ಬರುವ ಕ್ರೇನ್‌ಗಳು

ಹಂಗೇರಿಯ ಪೂರ್ವಕ್ಕೆ ಹೊರ್ತೊಬಾಜ್ ಎಂಬ ವಿಶಾಲ ಹುಲ್ಲುಬಯಲಿದೆ. ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ (1973) ಅದೇ. ಅಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಏರಿ ಕಟ್ಟಿ ಮಾಡಿದ ದೊಡ್ಡ ಮೀನುಕೊಳಗಳ ಗುಂಪೊಂದಿದೆ. ಅಲ್ಲಿ ಸಾಕುವ ಮೀನು, ನಮ್ಮ ಕೆರೆಗಳಿಗೂ ಬಿಡುವ ಸಾಮಾನ್ಯ ಗೆಂಡೆ. ಚಳಿಗಾಲಕ್ಕೆ ಮುಂಚೆ ಮೀನು ಹಿಡಿಯಲು ತೂಬು ತೆರೆದು ಕೊಳಗಳನ್ನು ಬರಿದು ಮಾಡುತ್ತಾರೆ. ಪಕ್ಷಿವೀಕ್ಷಕರಿಗೆ ಅದೇ ಸುಗ್ಗಿ. ತುಂಬಿದ ಕೊಳ ಬಾತುಗಳದ್ದು. ನೀರಿಳಿದು ಕೆಸರು ಕಂಡೊಡನೆ ಗದ್ದೆಗೊರವಗಳು ಹುಳು ಹೆಕ್ಕಲು ಇಳಿಯುತ್ತವೆ. ಸಂಜೆಯಾದರೆ ಕ್ರೇನ್‌ಗಳು ಬರುತ್ತವೆ.

ಈ ಬೂದು ಹಕ್ಕಿ ನಮ್ಮ ಸಾರಸದ ದಾಯಾದಿ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಅಗಲ. ಉತ್ತರದಿಂದ ವಲಸೆ ಹೊರಟು ಇಲ್ಲಿ ತಂಗುವ ಇವುಗಳ ಸಂಖ್ಯೆ ಅಕ್ಟೋಬರಿನಲ್ಲಿ ಒಂದು ಲಕ್ಷ ದಾಟುತ್ತದೆ. ಹಗಲೆಲ್ಲ ಕೊಯ್ಲಾದ ಮೆಕ್ಕೆಜೋಳದ ಹೊಲಗಳಲ್ಲಿ ಉದುರಿದ ಕಾಳು ತಿನ್ನುತ್ತವೆ. ಮೀನು ಅವಕ್ಕೆ ಬೇಕಿಲ್ಲ. ಹಾಗಾದರೆ ಮೀನುಕೊಳಕ್ಕೇಕೆ ಬರಬೇಕು?

ಉತ್ತರ ಕಾಲಿನಲ್ಲಿದೆ. ಬಕ ಪಕ್ಷಿಗೆ ಹಿಂಬೆರಳು ಉದ್ದ. ಅದರಿಂದ ಕೊಂಬೆಯನ್ನು ಬಿಗಿಹಿಡಿದು ಮರದ ಮೇಲೆ ಮಲಗುತ್ತದೆ. ಈ ಕ್ರೇನಿನ ಹಿಂಬೆರಳು ಮೋಟು, ನೆಲಕ್ಕೂ ತಾಗದಷ್ಟು ಮೇಲಿದೆ. ಮರ ಹತ್ತುವಂತಿಲ್ಲ, ನೆಲದಲ್ಲಿ ಮಲಗಿದರೆ ನರಿಯ ಭಯ. ಉಳಿಯುವುದು ನಮ್ಮ ಮೊಣಕಾಲಿಗೂ ಬಾರದ ನೀರು. ಅದರಲ್ಲಿ ನಿಂತೇ ನಿದ್ದೆ. ಯಾವ ಪ್ರಾಣಿ ಹತ್ತಿರ ಬಂದರೂ ನೀರಿನ ಸದ್ದು ಎಚ್ಚರಿಸುತ್ತದೆ. ಬೆಸ್ತರು ತಮ್ಮ ಕೆಲಸಕ್ಕೆಂದು ಇಳಿಸಿದ ನೀರು ಈ ಹಕ್ಕಿಗಳಿಗೆ ಹೇಳಿಮಾಡಿಸಿದ ಆಳಕ್ಕೆ ಬಂದಿರುತ್ತದೆ.

ಕೊರೆಯುವ ನೀರಿನಲ್ಲಿ ರಾತ್ರಿಯಿಡೀ ನಿಂತರೂ ಮೈ ತಣ್ಣಗಾಗದು. ಕಾಲಿಗಿಳಿಯುವ ಬಿಸಿರಕ್ತದ ನಾಳಗಳಿಗೆ ಅಂಟಿಕೊಂಡೇ ತಣ್ಣನೆಯ ರಕ್ತ ಮೇಲೇರುವ ನಾಳಗಳಿವೆ. ಇಳಿಯುವ ರಕ್ತದ ಶಾಖವನ್ನು ಏರುವ ರಕ್ತ ಹೀರಿ ಮೈಗೆ ಮರಳಿಸುತ್ತದೆ. ಪಾದಕ್ಕೆ ತಲುಪುವುದು ಹೆಪ್ಪುಗಟ್ಟದಷ್ಟು ಬೆಚ್ಚಗಿನ ರಕ್ತ ಮಾತ್ರ.

ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಹಕ್ಕಿಯಿದು. ಶ್ವಾಸನಾಳ ಕತ್ತಿನಲ್ಲಿ ಮುಗಿಯದೆ ಎದೆಮೂಳೆಯ ಒಳಹೊಕ್ಕು ಕಹಳೆಯ ಕೊಳವೆಯಂತೆ ಸುರುಳಿ ಸುತ್ತಿದೆ. ಆ ಕೂಗು ಕಿಲೋಮೀಟರುಗಟ್ಟಲೆ ದೂರ ಕೇಳುತ್ತದೆ. ಗುಂಪು ಗುಂಪಾಗಿ, ಗೆರೆ ಎಳೆದಂತೆ ಬರುವ ಹಕ್ಕಿಗಳ ಆ ಗದ್ದಲವನ್ನು ಒಮ್ಮೆಯಾದರೂ ಕೇಳಬೇಕು.

ಹೋಗುವವರು ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಏರಿಯ ಮೇಲೆ ಜೊಂಡಿನ ಮರೆಯಲ್ಲಿ ನಿಂತಿರಬೇಕು. ಕೊಳದಂಚಿಗೆ ಇಳಿಯಕೂಡದು. ಒಂದು ಹಕ್ಕಿ ಬೆದರಿದರೆ ಹಿಂಡೆಲ್ಲ ಏಳುತ್ತದೆ. ಮುಂದಿನ ಪಯಣಕ್ಕೆಂದು ಕೂಡಿಟ್ಟ ಕೊಬ್ಬು ಕತ್ತಲಲ್ಲಿ ಬೇರೆ ಜಾಗ ಹುಡುಕುವುದರಲ್ಲೇ ಕರಗುತ್ತದೆ.