ಸಡಿಲಗೈಯ ವಿದ್ಯೆ

ಬೇಲಿಯನ್ನು ಹಾರುವ ಕುದುರೆಯ ಮೇಲೆ ಸವಾರನು ಮುಂದಕ್ಕೆ ಬಾಗಬೇಕೋ ಹಿಂದಕ್ಕೆ ಒರಗಬೇಕೋ? ಸಾಹಿತ್ಯದ ಪುಟದಲ್ಲಿ ಇದೆಂತಹ ಪ್ರಶ್ನೆಯೆಂದು ವಾಚಕರು ಹುಬ್ಬೇರಿಸಬಹುದು. ನಾನು ಸವಾರನಲ್ಲ, ಕನ್ನಡ ಪಾಠ ಹೇಳಿ ಜೀವಿಸುವವನು. ಆದರೂ ಯೂರೋಪಿನ ಅಶ್ವದಳಗಳಲ್ಲಿ ಈ ವಾದ ನಡೆದ ಬಗೆಯನ್ನು ಓದಿದಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟಿಲ್ಲ.

ಇಂಗ್ಲೆಂಡಿನ ಹಳೆಯ ಬೇಟೆಯ ಚಿತ್ರಗಳನ್ನು ನೋಡಿ. ಕುದುರೆ ಗಾಳಿಯಲ್ಲಿದೆ, ಸವಾರನು ಕಾಲುಗಳನ್ನು ಮುಂದಕ್ಕೆ ಚಾಚಿ, ಬೆನ್ನನ್ನು ಹಿಂದಕ್ಕೊರಗಿಸಿ, ಲಗಾಮನ್ನು ಜಗ್ಗಿಕೊಂಡು ಕುಳಿತಿದ್ದಾನೆ. ನೆಲಕ್ಕಿಳಿಯುವಾಗ ಕುದುರೆಯ ಮುಂಗಾಲಿನ ಭಾರ ತಗ್ಗಲೆಂಬುದು ಇದಕ್ಕೆ ಕೊಡುತ್ತಿದ್ದ ಸಮರ್ಥನೆ. ಕುದುರೆಯ ಅನುಭವವೇ ಬೇರೆ. ನೆಗೆಯುವಾಗ ಅದು ಕತ್ತನ್ನು ಮುಂದಕ್ಕೆ ನೀಡಿ ತನ್ನ ತೂಕವನ್ನು ಸರಿದೂಗಿಸಿಕೊಳ್ಳುತ್ತದೆ. ಅದೇ ಕ್ಷಣದಲ್ಲಿ ಕಡಿವಾಣ ಬಾಯನ್ನು ಸೆಳೆಯುತ್ತದೆ; ಸವಾರನ ಭಾರವೆಲ್ಲ ಅದರ ಸೊಂಟದ ಮೇಲೆ ಕುಸಿಯುತ್ತದೆ. ಎರಡು ಬಾರಿ ಹೀಗೆ ನೊಂದ ಪ್ರಾಣಿ ಮೂರನೆಯ ಬೇಲಿಯ ಮುಂದೆ ನಿಂತುಬಿಟ್ಟರೆ ಅದನ್ನು ಹಟಮಾರಿಯೆಂದು ಹೊಡೆಯುವುದು ಯಾವ ನ್ಯಾಯ?

ಈ ಅನ್ಯಾಯವನ್ನು ಎದುರಿಸಿದವನು ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಪ್ರಿಲ್ಲಿ (1868–1907). ಅಂಕವಣಿಯನ್ನು ಗಿಡ್ಡಮಾಡಿ, ಜೀನಿನಿಂದ ತುಸು ಮೇಲೆದ್ದು, ಮುಂದಕ್ಕೆ ಬಾಗಿ, ಕುದುರೆಯ ತಲೆಗೆ ಸ್ವಾತಂತ್ರ್ಯ ಕೊಡಿರೆಂದು ಅವನು ಬೋಧಿಸಿದನು. (ಅಂಕವಣಿ ನಮ್ಮ ಹಳೆಯ ಮಾತು; ರಿಕಾಪು ಬಂದ ಮೇಲೆ ಅದನ್ನು ನಿಘಂಟಿಗೆ ಕಳುಹಿಸಿಬಿಟ್ಟೆವು.) 1902ರಲ್ಲಿ ಟುರಿನ್ ನಗರದಲ್ಲಿ ಮೆಲೊಪೊ ಎಂಬ ಕುದುರೆಯೇರಿ 2.08 ಮೀಟರು ಎತ್ತರವನ್ನು ಹಾರಿದನು. ಅವನು ಬರೆದಿಟ್ಟುದು ಅತ್ಯಲ್ಪ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಕುದುರೆಯಿಂದ ಬಿದ್ದೇ ತೀರಿಕೊಂಡನು. ಆದರೆ ಇಟಲಿಯ ಅಶ್ವದಳದ ಶಾಲೆಗಳಿಗೆ ಕಲಿಯಲು ಬಂದ ಪರದೇಶದ ಅಧಿಕಾರಿಗಳು ಆ ಭಂಗಿಯನ್ನು ತಮ್ಮ ತಮ್ಮ ನಾಡುಗಳಿಗೆ ಒಯ್ದಿದ್ದರು.

ಇಂದಿನ ಪಾಠಕ್ರಮದಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಕೈಯನ್ನು ಪಳಗಿಸುವ ಉಪಾಯಗಳು. ಆರಂಭ ಬೇಲಿಯಿಂದಲ್ಲ, ನೆಲದ ಮೇಲೆ ಮಲಗಿಸಿದ ಗಳುಗಳಿಂದ. ಸವಾರನು ಹಿಮ್ಮಡಿಯನ್ನು ಕೆಳಗಿಳಿಸಿ, ಮೊಣಕಾಲನ್ನು ಬಿಗಿಯದೆ, ತನ್ನ ಭಾರವನ್ನು ಕಾಲುಗಳಲ್ಲಿ ಹೊತ್ತು ಅವನ್ನು ದಾಟಬೇಕು. ಕುದುರೆಯ ಕೊರಳಿಗೊಂದು ಪಟ್ಟಿ ಕಟ್ಟಿರುತ್ತಾರೆ. ತತ್ತರಿಸಿದರೆ ಹಿಡಿಯಬೇಕಾದುದು ಅದನ್ನು, ಲಗಾಮನ್ನಲ್ಲ. ಬಳಿಕ ಸಾಲಾಗಿ ನಿಲ್ಲಿಸಿದ ತಗ್ಗಾದ ಬೇಲಿಗಳು. ಲಗಾಮಿಗೆ ಗಂಟು ಹಾಕಿ ಕುದುರೆಯ ಕತ್ತಿನ ಮೇಲೆ ಬಿಟ್ಟು, ಎರಡು ಕೈಗಳನ್ನೂ ಪಕ್ಕಕ್ಕೆ ಚಾಚಿ ಹಾರಬೇಕು. ಅಲ್ಲಿಯವರೆಗೆ ಲಗಾಮಿಗೆ ಜೋತುಬಿದ್ದೇ ಸಮತೋಲ ಕಾಯ್ದುಕೊಂಡಿದ್ದವನ ಗುಟ್ಟು ಮೊದಲ ಬೇಲಿಯಲ್ಲಿಯೇ ರಟ್ಟಾಗುತ್ತದೆ.

ಉತ್ಸಾಹಿಗಳ ದೋಷ ಇದಕ್ಕೆ ವಿರುದ್ಧವಾದದ್ದು: ಕುದುರೆಗಿಂತ ಮೊದಲು ತಾವೇ ಹಾರುವುದು. ಆಗ ಅದು ತಟ್ಟನೆ ನಿಂತರೆ ಬೇಲಿಯನ್ನು ದಾಟುವವನು ಸವಾರನೊಬ್ಬನೇ. ಆದುದರಿಂದ, ಬಾಗುವ ಆತುರ ಬೇಡ, ಕುದುರೆಯ ಬೆನ್ನು ಮೇಲೆದ್ದು ಬಂದಾಗ ನಿಮ್ಮ ಸೊಂಟ ತಾನಾಗಿಯೇ ಮಡಿಯಲಿ ಎಂದು ಬಲ್ಲ ಗುರುಗಳು ಹೇಳುತ್ತಾರೆ.