ಆಸ್ಟ್ರೇಲಿಯದ ನೀಲಿ ಬೆಟ್ಟಗಳಲ್ಲಿ ಒಂದು ದಿನ

ಸಿಡ್ನಿಯಿಂದ ಎರಡು ಗಂಟೆ ರೈಲಿನಲ್ಲಿ ಪಯಣಿಸಿ, ನೀಲಿ ಬೆಟ್ಟಗಳ ನಡುವಣ ಕಟೂಂಬಾ ಪಟ್ಟಣವನ್ನು ತಲುಪಿದೆವು. ಎಕೋ ಪಾಯಿಂಟಿನಲ್ಲಿ ನಿಂತರೆ 'ಮೂವರು ಸೋದರಿಯರು' ಎಂಬ ಬಂಡೆಗಳು, ಆಚೆಗೆ ನೀಲಿ ಮಬ್ಬಿನ ಕಣಿವೆ. ನಮ್ಮ ನಾಡಿಗೂ ಬಂದಿರುವ ನೀಲಗಿರಿ ಮರದ ತವರು ಈ ಖಂಡ. ಅದರ ಎಲೆಗಳ ಎಣ್ಣೆಯ ಆವಿಯೇ ಆ ಬಣ್ಣಕ್ಕೆ ಕಾರಣವೆನ್ನುತ್ತಾರೆ.

ಹಿಂದೆ ಕಲ್ಲಿದ್ದಲು ಸಾಗಿಸುತ್ತಿದ್ದ ಹಾದಿಯಲ್ಲಿ, 52 ಡಿಗ್ರಿ ಇಳಿಜಾರಿನ ರೈಲಿನಲ್ಲಿ ಕುಳಿತು ಕಣಿವೆಗಿಳಿದೆವು. ಅಲ್ಲಿ ಮಳೆಕಾಡು, ಹಲಗೆಯ ಕಾಲುದಾರಿ, ಮರದೆತ್ತರದ ಜರೀಗಿಡಗಳು, ಪಾಚಿ ಹೊದ್ದ ಬಂಡೆಗಳು.

2000ನೆಯ ಇಸವಿಯಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಬೆಟ್ಟಸೀಮೆಯ ಬಹುಭಾಗವನ್ನು 2019-20ರ ಕಾಳ್ಗಿಚ್ಚು ಸುಟ್ಟಿತು. ನೀಲಗಿರಿ ಸುಟ್ಟರೂ ತೊಗಟೆಯೊಳಗಿನಿಂದ ಚಿಗುರಬಲ್ಲದು. ಮಳೆಕಾಡಿಗೆ ಬೆಂಕಿಯ ರೂಢಿಯಿಲ್ಲ, ತೇವವೇ ಅದರ ರಕ್ಷೆ. ನೆರಳೂ ನೀರೂ ಉಳಿದರೆ ಕಾಡು ಉಳಿದೀತೆಂದು ಮಕ್ಕಳಿಗೆ ತಿಳಿಸುತ್ತ ಸಂಜೆ ಮರಳಿದೆವು.