ಇರುವೆಗೂ ಬದುವಿನ ಜಗಳ

ಹೊಲದ ದಾರೀಲಿ ಇರುವೆ ಗೂಡು ನೋಡಿದ್ದೀರಲ್ಲ? ಕೆಲವು ಗೂಡಿನ ಬಾಯಿ ಸುತ್ತ ಕಾಳಿನ ಹೊಟ್ಟು ಬಿದ್ದಿರುತ್ತದೆ. ಅವು ಕಾಳು ಕೂಡಿಡುವ ಇರುವೆಗಳು. ಇಂಥ ದೊಡ್ಡ ಗೂಡುಗಳ ನಡುವೆ ಸಾಮಾನ್ಯವಾಗಿ ಅಂತರ ಇರುತ್ತದೆ. ಈ ಅಂತರ ಹೇಗೆ ಬಂತು? ಬನ್ನಿ, ತಿಳಿಯೋಣ.

ಹೊಸ ಗೂಡು

ಮಳೆ ಬಿದ್ದ ಮೇಲೆ ರೆಕ್ಕೆ ಇರುವೆಗಳು ಹೊರಗೆ ಬರುತ್ತವೆ. ಹೆಣ್ಣು ಗಂಡು ಕೂಡುತ್ತವೆ. ಗಂಡು ಬೇಗ ಸಾಯುತ್ತದೆ. ಹೆಣ್ಣು ರೆಕ್ಕೆ ಕಳಚಿ ನೆಲ ಕೊರೆಯುತ್ತದೆ. ಇದೇ ರಾಣಿ ಇರುವೆ. ಅದು ಒಂಟಿಯಾಗಿ ಒಳಗೆ ಕೂತು ಮೊಟ್ಟೆ ಇಡುತ್ತದೆ. ತನ್ನ ಮೈಯ ಕೊಬ್ಬು ಕರಗಿಸಿ ಮರಿಗಳನ್ನು ಸಾಕುತ್ತದೆ. ಮೊದಲು ಹುಟ್ಟುವ ಕೆಲಸಗಾರ ಇರುವೆಗಳು ಸಣ್ಣವು. ಸಂಖ್ಯೆಯೂ ಕಡಿಮೆ. ಕೊಬ್ಬು ಮುಗಿಯೋದರೊಳಗೆ ಅವು ಕಾಳು ತರಬೇಕು. ತರದಿದ್ದರೆ ಆ ಗೂಡು ಮುಗೀತು.

ನೆರೆಯವರ ಕಾಟ

ಅಮೆರಿಕದಲ್ಲಿ ಅರಿಝೋನಾ, ನ್ಯೂ ಮೆಕ್ಸಿಕೋ ಎಂಬ ರಾಜ್ಯಗಳಿವೆ. ಅವುಗಳ ಗಡಿ ಹತ್ತಿರ ಒಂದು ಬಯಲು ಇದೆ. ಅಲ್ಲಿ ಕಾಳು ಕೂಡಿಡುವ ಕೆಂಪು ಇರುವೆಗಳಿವೆ. ಡೆಬೊರಾ ಗಾರ್ಡನ್ ಎಂಬ ವಿಜ್ಞಾನಿ 1985ರಿಂದ ಆ ಗೂಡುಗಳನ್ನು ವರ್ಷ ವರ್ಷವೂ ಎಣಿಸುತ್ತಾ ಬಂದರು. ದೊಡ್ಡ ಗೂಡಿನ ಪಕ್ಕದಲ್ಲಿ ಹುಟ್ಟಿದ ಮರಿಗೂಡು ಉಳಿಯೋದು ಕಷ್ಟ ಎಂದು ಅವರು ಕಂಡರು. ಯಾಕೆಂದರೆ ಸುತ್ತಲಿನ ಕಾಳನ್ನು ದೊಡ್ಡ ಗೂಡಿನವು ಮೊದಲೇ ಆರಿಸಿಕೊಂಡು ಹೋಗುತ್ತವೆ. ಕಚ್ಚಾಟವೂ ಉಂಟು. ಆದರೆ ಕಚ್ಚಾಟಕ್ಕಿಂತ ಕಾಳಿನ ಕೊರತೆಯೇ ದೊಡ್ಡ ಪೆಟ್ಟು.

ನಮ್ಮವರು ಯಾರು, ಹೊರಗಿನವರು ಯಾರು ಅಂತ ಇರುವೆಗೆ ಹೇಗೆ ಗೊತ್ತು? ಮೈವಾಸನೆಯಿಂದ. ಮೀಸೆ ತಾಗಿಸಿದರೆ ಸಾಕು, ತಿಳಿಯುತ್ತದೆ.

ಹಟ ಯಾರಿಗೆ ಹೆಚ್ಚು?

ಮೂರು ನಾಲ್ಕು ವರ್ಷದ ಗೂಡಿಗೆ. ಅದು ಬೆಳೆಯುವ ವಯಸ್ಸು. ಒಳಗೆ ಮರಿಗಳು ಜಾಸ್ತಿ, ದುಡಿಯುವವರು ಸಾಲದು. ಇವತ್ತು ನೆರೆಯವರು ಅಡ್ಡ ಬಂದರೂ ನಾಳೆ ಅದೇ ಜಾಗಕ್ಕೆ ಮತ್ತೆ ಹೋಗುತ್ತವೆ. ಐದು ವರ್ಷ ದಾಟಿದ ಗೂಡಿನಲ್ಲಿ ಸುಮಾರು 10,000 ಇರುವೆಗಳಿರುತ್ತವೆ. ಅಂಥ ಗೂಡಿನವು ಜಗಳ ಕಂಡರೆ ಮಾರನೇ ದಿನ ಬೇರೆ ದಾರಿ ಹಿಡಿಯೋದೇ ಹೆಚ್ಚು. ರಾಣಿ 20 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಅಷ್ಟು ಕಾಲವೂ ನೆರೆಹೊರೆ ಅದೇ.

ಹೀಗೆ ಹತ್ತಿರದ ಮರಿಗೂಡುಗಳು ಹೆಚ್ಚಾಗಿ ಅಳಿಯುತ್ತವೆ, ದೂರದವು ಉಳಿಯುತ್ತವೆ. ಯಾರೂ ಹಗ್ಗ ಹಿಡಿದು ಅಳೆಯಲಿಲ್ಲ. ಆದರೂ ಅಂತರ ತಾನಾಗಿ ಬಂತು.

ನೀವೇ ನೋಡಿ

ನಿಮ್ಮ ಹೊಲದ ಬದುವಿನಲ್ಲಿ ಎರಡು ದೊಡ್ಡ ಗೂಡು ಹುಡುಕಿ. ನಡುವೆ ಎಷ್ಟು ಹೆಜ್ಜೆ ಇದೆ? ಬರೆದಿಡಿ. ಪಕ್ಕದಲ್ಲಿ ಸಣ್ಣ ಗೂಡು ಇದ್ದರೆ ಒಂದು ಕಲ್ಲು ಇಟ್ಟು ಗುರುತು ಮಾಡಿ. ಮುಂದಿನ ವರ್ಷ ಅದು ಇದೆಯೇ? ಹೋಗಿ ನೋಡಿ.